ನೀರಿನ ಟ್ಯಾಂಕೂ ನನ್ನ ಛಾಯಾಗ್ರಹಣವೂ

ಈ ಕೆರೆಯ ಎದುರು ನಿಂತು ಇಲ್ಲಿಯವರೆಗೆ ಫೋಟೋ ತೆಗೆದವರು ಯಾರೂ ಫೋಟೋ ತೆಗೆದೇ ಇಲ್ಲ. ತೆಗೆಯುವುದೇನಿದ್ದರೂ ಇನ್ನು ನಾನೇ! ಇಂಥದೊಂದು ಘೋರ ಪ್ರತಿಜ್ಞೆಯನ್ನು ನಾನು ಮಾಡಿದ್ದು ಯಾವ ಬೆಟ್ಟದ ತುದಿಯಲ್ಲೂ ಅಲ್ಲ. ನಮ್ಮ ಲಾಡ್ಜಿನ ಕಿಟಕಿಯ ಪಕ್ಕದಲ್ಲಿ, ದಿಂಬಿನ ಕವರುಗಳನ್ನು ಮಡಚುತ್ತಾ.

ನಮ್ಮ ಲಾಡ್ಜು ಎಂದರೆ ಮಗಳು ಅಳಿಯನದು. ಅಳಿಯ ಟೂರಿಸ್ಟ್ ಬಸ್ ಓಡಿಸುತ್ತಿದ್ದವನು. ಕಂಡ ಕಂಡ ಊರಿನಲ್ಲಿ ಜನರನ್ನು ಇಳಿಸಿ ಇಳಿಸಿ, ಈ ಜನರನ್ನೆಲ್ಲ ನಾನೇ ಯಾಕೆ ಇಳಿಸಿಕೊಳ್ಳಬಾರದು ಎಂದು ಅವನ ತಲೆಗೆ ಹೊಕ್ಕಿತು. ಕೆರೆಯ ದಡದಲ್ಲೊಂದು ಹಳೆಯ ಮಹಡಿ ಮನೆ ಸಿಕ್ಕಿತು. ಸುಣ್ಣ ಬಣ್ಣ ಆಯಿತು. ಪರದೆಗಳನ್ನೆಲ್ಲ ಮಗಳು ತಾನೇ ಕೂತು ಹೊಲಿದಳು. ಅಡುಗೆಮನೆ ಮತ್ತು ಹಾಸಿಗೆ ಬಟ್ಟೆ ನನ್ನ ಖಾತೆ. ನಲ್ಲಿ, ಪೈಪು, ಬಿಸಿನೀರು ನಮ್ಮ ಯಜಮಾನರ ಖಾತೆ. ಅವರು ಜೀವಮಾನವೆಲ್ಲ ಪ್ಲಂಬರ್ ಕೆಲಸ ಮಾಡಿದವರು, ಮನುಷ್ಯರನ್ನೂ ಸೋರುವವರು, ಸೋರದವರು ಎಂದೇ ವಿಂಗಡಿಸುತ್ತಾರೆ. ಒಟ್ಟಿನಲ್ಲಿ ಎಲ್ಲವೂ ಇತ್ತು. ಬರುವವರು ಮಾತ್ರ ಇರಲಿಲ್ಲ.

"ಈ ಸೀಸನ್ನಿಗೂ ರೂಮು ತುಂಬಲಿಲ್ಲ ಅಂದ್ರೆ ಬೀಗ ಹಾಕೋದೇ ಅತ್ತೆ. ನಾನು ವಾಪಸ್ ಸ್ಟೇರಿಂಗ್ ಹಿಡೀತೀನಿ" ಎಂದ ಅಳಿಯ ಒಂದು ದಿನ, ಊಟದ ತಟ್ಟೆ ನೋಡಿಕೊಂಡು. ಮಗಳು ಎದ್ದು ಹೋಗಿ ಪರದೆಯ ಅಂಚನ್ನು ಸುಮ್ಮನೆ ಬೆರಳಿನಲ್ಲಿ ಸವರಿದಳು. ನಾನು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ತಪ್ಪು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಈಗಿನ ಕಾಲದಲ್ಲಿ ಜನ ಊರು ನೋಡಿ ಬರುವುದಿಲ್ಲ, ಫೋನಿನಲ್ಲಿ ಫೋಟೋ ನೋಡಿ ಬರುತ್ತಾರೆ. ಮಗಳು ಹಾಕಿದ್ದ ಫೋಟೋಗಳೋ! ಒಂದರಲ್ಲಿ ಮಂಚ. ಒಂದರಲ್ಲಿ ಬಕೆಟ್ಟು. ಇನ್ನೊಂದರಲ್ಲಿ ಬರೀ ಗೋಡೆ, ಗೋಡೆಯ ಮೇಲೆ ಅವಳದೇ ನೆರಳು. ಇವನ್ನು ನೋಡಿದವರು ಜ್ವರ ಬಂದರೆ ಬಂದು ಸೇರಿಕೊಳ್ಳಬಹುದೇ ಹೊರತು ರಜಕ್ಕೆ ಬರುವ ಹಾಗಿರಲಿಲ್ಲ.

ಅಂಥ ಹೊತ್ತಿನಲ್ಲಿ ದೇವರು ಕಳಿಸಿದ ಹಾಗೆ ಬಂದವರು ಕ್ಯಾಮೆರಾ ಮೇಷ್ಟ್ರು. ಜೊತೆಗೆ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡ ಶಿಷ್ಯವೃಂದ. ಪ್ರವಾಸದಲ್ಲಿ ಬೆಟ್ಟ, ನೀರು, ಬಯಲು ಇವನ್ನೆಲ್ಲ ಹೇಗೆ ಫೋಟೋ ತೆಗೆಯಬೇಕು ಎಂದು ಹೇಳಿಕೊಡುವುದು ಅವರ ಕಸುಬು. ನಮ್ಮ ಮುಂದಿನ ವರಾಂಡದಲ್ಲೇ ಪಾಠ ಶುರುವಾಯಿತು. ಕಿಟಕಿಯ ಈಚೆ ನಾನು. ಶಾಲೆಗೆ ನಾನು ಹೋದದ್ದು ಅಷ್ಟಕ್ಕಷ್ಟೇ, ಅದೂ ನಡುನಡುವೆ ಬಿಟ್ಟು. ಆದರೆ ಕಿವಿ? ಕಿವಿಯಲ್ಲಿ ನನಗೆ ಡಬಲ್ ಡಿಗ್ರಿ!

"ಮುಖ್ಯವಾದದ್ದನ್ನ ಯಾವತ್ತೂ ನಟ್ಟನಡುವೆ ಇಡಬೇಡಿ" ಎಂದರು ಮೇಷ್ಟ್ರು. "ಚಿತ್ರವನ್ನ ಮನಸ್ಸಿನಲ್ಲೇ ಉದ್ದಕ್ಕೆ ಮೂರು ಪಾಲು, ಅಡ್ಡಕ್ಕೆ ಮೂರು ಪಾಲು ಮಾಡಿ. ಗೆರೆಗೆ ಗೆರೆ ಸೇರೋ ಕಡೆ ಅದನ್ನ ಕೂರಿಸಿ."

ಸರಿ, ಬಟ್ಟೆ ಮಡಚುವ ಲೆಕ್ಕವೇ ಇದು ಎಂದುಕೊಂಡು ನಾನು ದಿಂಬಿನ ಕವರನ್ನು ಹಾಗೆಯೇ ಮಡಚಿ ನೋಡಿದೆ. ಅಷ್ಟರಲ್ಲಿ ಮೇಷ್ಟ್ರು, "ಆದರೆ ನೀರಲ್ಲಿ ನೆರಳು ಬಿದ್ದಿದ್ರೆ ನಡುವೆಯೇ ಇಡಿ" ಎಂದುಬಿಟ್ಟರು! ಮಡಚಿದ್ದನ್ನು ಬಿಚ್ಚಿದೆ. "ಖಾಲಿ ಜಾಗ ಬಿಡಿ, ಚಿತ್ರಕ್ಕೆ ಉಸಿರಾಡೋಕೆ ಬೇಕು" ಎಂದರು. ಸ್ವಲ್ಪ ಹೊತ್ತಿಗೆ "ಸುಮ್ಮನೆ ಖಾಲಿ ಬಿಡಬೇಡಿ, ತುಂಬಿಸಿ" ಎಂದರು. ನನಗೆ ತಲೆ ಗಿರ್ರೆಂದಿತು. ಪುಣ್ಯಕ್ಕೆ ಶಿಷ್ಯನೊಬ್ಬನಿಗೂ ಗಿರ್ರೆಂದಿರಬೇಕು.

"ಸರ್, ಯಾವಾಗ ಬಿಡಬೇಕು, ಯಾವಾಗ ತುಂಬಿಸಬೇಕು?"

"ಅದು ಅನುಭವದಿಂದ ಬರುತ್ತೆ."

ಅನುಭವ ತಾನೇ? ಅದು ನನ್ನ ಹತ್ತಿರ ಅಟ್ಟದ ತುಂಬ ಬಿದ್ದಿದೆ! ಆ ಕ್ಷಣವೇ ನಾನು ಪ್ರತಿಜ್ಞೆ ಮಾಡಿದ್ದು.

ಸಂಜೆ ಯಜಮಾನರನ್ನು ಹಿಡಿದುಕೊಂಡೆ. "ರೀ, ನಾಳೆ ಬೆಳಿಗ್ಗೆ ನನಗೆ ಏಣಿ ಬೇಕು."

"ಯಾಕೆ, ಟ್ಯಾಂಕ್ ಸೋರ್ತಿದ್ಯಾ?"

"ಸೋರೋದಲ್ಲಾರೀ. ಕಲೆ!"

"ಕಲೆನಾ? ಎಲ್ಲಿ, ಗೋಡೆ ಮೇಲಾ? ಒರೆಸಿದ್ರೆ ಹೋಗುತ್ತೆ ಬಿಡು."

ಇಂಥವರನ್ನು ಕಟ್ಟಿಕೊಂಡು ಕಲಾಸೇವೆ ಮಾಡುವವರ ಪಾಡು ಯಾರಿಗೂ ಬೇಡ.

ಏಣಿ ಯಾಕೆಂದರೆ, ದಡದಲ್ಲಿ ನಿಂತರೆ ಜೊಂಡು ಅಡ್ಡ. ಮಹಡಿಯ ಮೇಲೆ ನಿಂತರೆ ಮೋಟುಗೋಡೆ ಅಡ್ಡ. ಮಹಡಿಯ ಮೇಲಿನ ನೀರಿನ ಟ್ಯಾಂಕ್ ಹತ್ತಿದೆನೋ, ಅಬ್ಬಬ್ಬಾ! ಕೆರೆ ಅಲ್ಲಿ ತೋಳು ಚಾಚಿದ ಹಾಗೆ ಒಳಕ್ಕೆ ಬಂದಿದೆ. ಆ ನೀರನ್ನು ಸುತ್ತಿಕೊಂಡು ಒಂದು ಕಾಲುದಾರಿ ಬಳುಕುತ್ತಾ ಹೋಗುತ್ತದೆ. ದಾರಿಯ ತುದಿಯಲ್ಲಿ, ಎದುರು ದಡದಲ್ಲಿ, ಕೆಂಪು ಹೆಂಚಿನ ಒಂದು ಮನೆ. ಅದರ ಬೆನ್ನಿಗೆ ಬೆಟ್ಟ. "ಕಣ್ಣನ್ನ ಕೈಹಿಡಿದು ಒಳಗೆ ಕರ್ಕೊಂಡು ಹೋಗೋ ದಾರಿ ಚಿತ್ರದಲ್ಲಿ ಇರಬೇಕು" ಎಂದು ಮೇಷ್ಟ್ರು ಹೇಳಿದ್ದರಲ್ಲ, ಆ ದಾರಿ ನನಗೋಸ್ಕರವೇ ಹಾಸಿಟ್ಟ ಹಾಗಿತ್ತು.

ಕೆಂಪು ಹೆಂಚಿನ ಮನೆ ಗಡಿಯಾರದವರದು. ಹಿಂದೆ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದರಂತೆ, ಆ ಹೆಸರೇ ಉಳಿದಿದೆ. ಈಗ ಅವರೂ ಲಾಡ್ಜು ಇಟ್ಟಿದ್ದಾರೆ. ನಮಗೂ ಅವರಿಗೂ ನಡುವೆ ಅಷ್ಟಗಲ ನೀರು, ಅದರ ಮೇಲೆ ಅಷ್ಟೇ ಅಗಲದ ಮೌನ. ಅವರ ರೂಮುಗಳೂ ಖಾಲಿ. ನಮಗಿದ್ದ ಸಮಾಧಾನ ಅದೊಂದೇ.

ಟ್ಯಾಂಕಿನ ಮೇಲೆ ನಿಂತು ಫೋನಿನಲ್ಲಿ ನೋಡಿದರೆ ಮೂಲೆಯಲ್ಲಿ ಏನೋ ಹಲಗೆಯ ತುದಿ ಇಣುಕುತ್ತಿತ್ತು. "ಬೇಡದ್ದನ್ನ ತೆಗೆಯೋದೇ ಅರ್ಧ ವಿದ್ಯೆ" ಎಂದಿದ್ದರು ಮೇಷ್ಟ್ರು.

"ರೀ, ಆ ಹಲಗೆ ಬಿಚ್ಚಿ!"

"ಇದು ಲಾಡ್ಜಿನ ಬೋರ್ಡು ಕಣೇ!"

"ಇರಲಿ, ಕಣ್ಣಿಗೆ ಚುಚ್ಚುತ್ತೆ. ಬಿಚ್ಚಿ."

ಬಿಚ್ಚಿದರು. ಎಲ್ಲಿಟ್ಟರು ಎಂದು ಆಗ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹತ್ತಿರದಲ್ಲಿ ಏನಾದರೂ ಇರಬೇಕು, ಇಲ್ಲದಿದ್ದರೆ ದೂರದ ಬೆಟ್ಟ ಸಪ್ಪೆ ಎಂಬುದು ಮತ್ತೊಂದು ಪಾಠ. ಮೋಟುಗೋಡೆಯ ಮೇಲೆ ಒಂದು ಹೂಕುಂಡ ಇಡಿಸಿದೆ.

"ಸ್ವಲ್ಪ ಎಡಕ್ಕೆ ಸರಿಸಿ!"

"ಯಾರ ಎಡ? ನಿಂದಾ, ನಂದಾ?"

"ಫೋಟೋದ ಎಡ!"

"ಫೋಟೋ ಎಲ್ಲಿದೆ?"

"ಇನ್ನೂ ತೆಗೆದಿಲ್ಲ!"

"ತೆಗೀದೇ ಇರೋ ಫೋಟೋಗೆ ಎಡ ಯಾವುದು, ಬಲ ಯಾವುದು?"

ನಾನೇ ಇಳಿದು ಹೋಗಿ ಕುಂಡ ಸರಿಸಿ ಮತ್ತೆ ಹತ್ತಿದೆ.

ಎಲ್ಲ ಸರಿಹೋದರೂ ಏನೋ ಕಮ್ಮಿ ಅನ್ನಿಸುತ್ತಿತ್ತು. ಯೋಚಿಸಿ ಯೋಚಿಸಿ ಮೇಷ್ಟ್ರ ಇನ್ನೊಂದು ಮಾತು ನೆನಪಾಯಿತು. ಸೂರ್ಯ ಹುಟ್ಟುವ ಮೊದಲು ಲೋಕವೆಲ್ಲ ನೀಲಿಯಾಗಿರುತ್ತದಂತೆ. ಆ ನೀಲಿಯಲ್ಲಿ ಒಂದು ಹಳದಿ ದೀಪ ಕಂಡರೆ, ನೋಡುವವರ ಕಣ್ಣು ಅಲ್ಲೇ ಹೋಗಿ ಕೂತುಬಿಡುತ್ತದಂತೆ. ಗಡಿಯಾರದವರ ಮನೆಯಲ್ಲಿ ಆ ಹೊತ್ತಿಗೆ ದೀಪವೇ ಇರುತ್ತಿರಲಿಲ್ಲ! ಯಜಮಾನರನ್ನು ಕೆರೆ ಸುತ್ತಿಸಿ ಅಟ್ಟಿದೆ.

ವಾಪಸು ಬಂದವರನ್ನು ಕೇಳಿದೆ: "ಹೇಳಿದ್ರಾ?"

"ಹೇಳ್ದೆ. ಬೆಳಗಿನ ಜಾವ ದೀಪ ಹಾಕಿ ಅಂದೆ."

"ಏನಂದ್ರು?"

"ಯಾಕೆ ಅಂದ್ರು."

"ನೀವೇನಂದ್ರಿ?"

"ನನ್ನ ಹೆಂಡ್ತಿಗೆ ಬೇಕಂತೆ ಅಂದೆ. ಪಾಪ, ಅವರಿಗೂ ಹೆಂಡ್ತಿ ಇದ್ದಾರೆ. ಮರುಮಾತಾಡದೆ ಹಾಕ್ತೀನಿ ಅಂದ್ರು."

ಗಡಿಯಾರದವರು ಮಾತಿಗೆ ತಪ್ಪುವವರಲ್ಲ. ಮರುದಿನದಿಂದ ಅವರ ಕಿಟಕಿಗಳಲ್ಲಿ ದೀಪ ಠಕ್ಕೆಂದು ಹೊತ್ತಿಕೊಳ್ಳತೊಡಗಿತು. ಇನ್ನು ಬೇಕಾದ್ದು ಮಂಜು. ಮಂಜು ಯಾರ ಮಾತನ್ನೂ ಕೇಳುವುದಿಲ್ಲ. ಆದರೆ ಕಾಯುವುದು ನನಗೇನು ಹೊಸದೇ? ಜೀವನವಿಡೀ ಒಲೆಯ ಮುಂದೆ ನಿಂತು ಹಾಲು ಕಾದವಳು ನಾನು. ದಿನಾ ಬೆಳಿಗ್ಗೆ ಶಾಲು ಹೊದ್ದು ಟ್ಯಾಂಕ್ ಹತ್ತಿದೆ. ಕೆಳಗೆ ಯಜಮಾನರು ಏಣಿ ಹಿಡಿದುಕೊಂಡು ನಿಂತಲ್ಲೇ ತೂಕಡಿಸಿದರು. ನಾನು ಕೂಗಿದೆ, ಅವರು ಬೆಚ್ಚಿಬಿದ್ದರು, ಹೂಕುಂಡ ಎಡಕ್ಕೂ ಬಲಕ್ಕೂ ಓಡಾಡಿತು.

ಕೊನೆಗೊಂದು ಬೆಳಿಗ್ಗೆ ಬಂತು ನೋಡಿ! ನೀರಿನ ಮೇಲೆ ಹತ್ತಿ ಹಿಂಜಿ ಹರಡಿದ ಹಾಗೆ ಮಂಜು. ಹೂವಿನ ಮೇಲೆ ಹನಿ. ನೀಲಿ ಬೆಟ್ಟ. ಬಳುಕುವ ದಾರಿ. ದಾರಿಯ ತುದಿಯಲ್ಲಿ ಸರಿಯಾಗಿ ಗೆರೆಗೆ ಗೆರೆ ಸೇರುವ ಕಡೆ ಕೆಂಪು ಹೆಂಚು, ಹಳದಿ ದೀಪ. ಉಸಿರು ಬಿಗಿಹಿಡಿದು ಒತ್ತಿದೆ. ಕ್ಲಿಕ್!

ಫೋಟೋ ನೋಡಿ ಮಗಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅಳಿಯ, "ಅತ್ತೆ! ಇದು ನೀವು ತೆಗೆದಿದ್ದಾ? ನಮ್ಮ ಕೆರೆನಾ ಇದು?" ಎಂದು ಕಣ್ಣುಜ್ಜಿಕೊಂಡ. ಯಜಮಾನರು ಕನ್ನಡಕ ಹಾಕಿಕೊಂಡು ನೋಡಿ, "ಹೂಕುಂಡ ಚೆನ್ನಾಗಿ ಬಂದಿದೆ" ಎಂದರು. ಅಳಿಯ ಕೂತ ಜಾಗದಲ್ಲೇ ಬಕೆಟ್ಟು, ಗೋಡೆಗಳನ್ನೆಲ್ಲ ಅಳಿಸಿ ನನ್ನ ಫೋಟೋ ಹಾಕಿದ.

ಮಧ್ಯಾಹ್ನದ ಹೊತ್ತಿಗೆ ಫೋನು ಬಡಿದುಕೊಳ್ಳತೊಡಗಿತು. "ಆ ಫೋಟೋ ಹಾಕಿರೋರು ನೀವೇನಾ? ಅದರಲ್ಲಿರೋ ರೂಮೇ ಬೇಕು!" "ಬನ್ನಿ ಬನ್ನಿ" ಎಂದಳು ಮಗಳು. ಒಬ್ಬರಿಗಲ್ಲ, ಇಬ್ಬರಿಗಲ್ಲ. ನಾನು ಮನೆಯಲ್ಲಿ ನಡೆಯುವುದನ್ನೇ ಬಿಟ್ಟೆ, ತೇಲಾಡುತ್ತಿದ್ದೆ. ಸೊಪ್ಪು ಬಿಡಿಸುವಾಗಲೂ ಕತ್ತು ಓರೆ ಮಾಡಿ, ಒಂದು ಕಣ್ಣು ಮುಚ್ಚಿ, ಸೊಪ್ಪನ್ನು ಮೂರು ಪಾಲು ಮಾಡಿ ನೋಡುತ್ತಿದ್ದೆ.

ವಾರಾಂತ್ಯ ಬಂತು. ಹಾಸಿಗೆಗಳಿಗೆಲ್ಲ ಹೊಸ ಹೊದಿಕೆ ಹಾಸಿ ಬಾಗಿಲಲ್ಲಿ ನಿಂತೆವು. ಒಂದು ಕಾರು ಬಂತು. ಹೋಯಿತು. ಇನ್ನೊಂದು ಬಂತು. ಅದೂ ಹೋಯಿತು. ಎಲ್ಲವೂ ಕೆರೆ ಸುತ್ತಿಕೊಂಡು ಆ ಕಡೆಗೇ!

"ಬ್ರೇಕ್ ಫೇಲಾಗಿದ್ಯಾ ಎಲ್ಲರದ್ದೂ?" ಎಂದರು ಯಜಮಾನರು.

ಕೊನೆಗೆ ಒಂದು ಜೋಡಿ ಮಾತ್ರ ಬಸ್ಸಿನಿಂದ ಇಳಿದು ಸೂಟ್‌ಕೇಸ್ ಎಳೆದುಕೊಂಡು ಬಂತು. ಹೆಂಗಸು ಫೋನು ನೋಡಿದಳು, ನಮ್ಮ ಗೋಡೆ ನೋಡಿದಳು, ಮತ್ತೆ ಫೋನು ನೋಡಿದಳು.

"ಅಮ್ಮಾ, ಇದಲ್ಲ ಅನ್ನಿಸುತ್ತೆ. ಫೋಟೋದಲ್ಲಿ ಕೆಂಪು ಹೆಂಚಿತ್ತಲ್ವಾ?"

"ಇದೇ ತಾಯಿ! ಇಲ್ಲಿಂದಲೇ ತೆಗೆದಿದ್ದು. ಅದೋ ನೋಡಿ, ಆ ಟ್ಯಾಂಕ್ ಮೇಲಿಂದ!"

"ಅದು ಸರಿ. ನಾವು ಫೋಟೋದಲ್ಲಿರೋ ಮನೇಲಿ ಇರೋಣ ಅಂತ ಬಂದ್ವಿ."

"ಅಯ್ಯೋ, ಆ ಮನೇಲಿದ್ರೆ ಆ ಮನೆ ಕಾಣಲ್ಲವಲ್ಲಮ್ಮಾ! ಇಲ್ಲಿದ್ರೆ ತಾನೇ ಅದು ಕಾಣೋದು?"

ಹೆಂಗಸು ಗಂಡನ ಮುಖ ನೋಡಿದಳು. ಅವನು ಬೆಟ್ಟದ ಮುಖ ನೋಡಿದ. "ಹಾಗಾದ್ರೆ ಅಲ್ಲಿಂದ ಏನು ಕಾಣುತ್ತೆ?" ಎಂದ.

"ಅಲ್ಲಿಂದ ನಾವು ಕಾಣ್ತೀವಿ!"

"ಮತ್ತೆ ಇದು ಯಾರ ಲಾಡ್ಜು?"

"ನಮ್ದು!"

"ಫೋಟೋ?"

"ಅದೂ ನಮ್ದೇ!"

"ಫೋಟೋದಲ್ಲಿರೋದು?"

"ಅದು... ಅವರ್ದು."

ಹೇಳುತ್ತಾ ಹೇಳುತ್ತಾ ನನಗೇ ನಾನು ಎಲ್ಲಿ ನಿಂತಿದ್ದೇನೆ ಎಂಬುದು ಗೊತ್ತಾಗದಂತಾಯಿತು. ಆ ಜೋಡಿ ಬಹಳ ಮರ್ಯಾದೆಯಿಂದ ನನಗೆ ಕೈಮುಗಿದು, ಸೂಟ್‌ಕೇಸ್ ಎಳೆದುಕೊಂಡು ಆ ಬಳುಕುವ ಕಾಲುದಾರಿಯಲ್ಲೇ ನಡೆದುಹೋಯಿತು. ಕಣ್ಣನ್ನು ಕೈಹಿಡಿದು ಕರೆದುಕೊಂಡು ಹೋಗುವ ದಾರಿ ಕಾಲನ್ನು ಬಿಡುತ್ತದೆಯೇ!

ಅಳಿಯ ಮೆಲ್ಲಗೆ ಫೋನನ್ನು ನನ್ನ ಕೈಗಿಟ್ಟ. "ಅತ್ತೆ, ಇದರಲ್ಲಿ ನಮ್ಮ ಲಾಡ್ಜು ಎಲ್ಲಿದೆ?"

"ಎಲ್ಲಿದೆ ಅಂದ್ರೆ? ನಮ್ಮ ಲಾಡ್ಜ್ ಮೇಲೆ ನಿಂತೇ ತೆಗೆದಿದ್ದಲ್ವಾ!"

"ಹೌದು. ಎಲ್ಲಿದೆ?"

ಎರಡು ಬೆರಳಿನಿಂದ ಎಳೆದು ದೊಡ್ಡದು ಮಾಡಿ ಹುಡುಕಿದೆ. ಹೂವಿತ್ತು. ಮಂಜಿತ್ತು. ಗಡಿಯಾರದವರ ಕಿಟಕಿಯ ಸರಳು ಕೂಡ ಎಣಿಸುವಷ್ಟು ಸ್ಪಷ್ಟವಾಗಿತ್ತು. ನಮ್ಮದು ಎಂದು ಇದ್ದದ್ದು ಆ ಹೂಕುಂಡ ಒಂದೇ!

"ಬೋರ್ಡಾದ್ರೂ ಇದ್ದಿದ್ರೆ ನಾಲ್ಕು ಜನ ನಿಲ್ಲಿಸ್ತಿದ್ರು. ಬೋರ್ಡೆಲ್ಲಿ?" ಎಂದಳು ಮಗಳು. ಯಜಮಾನರು ಆಕಾಶ ನೋಡಿದರು. ಬೋರ್ಡು ಉಗ್ರಾಣದಲ್ಲಿ ಹಳೆಯ ಹಾಸಿಗೆಗಳ ಹಿಂದೆ ಸುಖವಾಗಿ ಮಲಗಿತ್ತು. ಆ ವಾರಾಂತ್ಯ ನಮ್ಮಲ್ಲಿ ನಿದ್ದೆ ಮಾಡಿದ ಗಿರಾಕಿ ಅದೊಂದೇ.

ಆ ಸಂಜೆ ಎದುರು ದಡದಲ್ಲಿ ಎಲ್ಲ ಕಿಟಕಿಗಳಲ್ಲೂ ದೀಪ. ಈ ಸಲ ಹಾಕಿ ಎಂದು ನಾವು ಹೇಳಿರಲಿಲ್ಲ. ಅಳಿಯ ಯಾರಿಗೋ ಫೋನು ಮಾಡಿ, "ಡ್ರೈವರ್ ಕೆಲಸ ಖಾಲಿ ಇದ್ಯಾ?" ಎಂದು ಕೇಳುತ್ತಿದ್ದುದು ನನ್ನ ಡಬಲ್ ಡಿಗ್ರಿ ಕಿವಿಗೆ ಬಿತ್ತು. ಒಳಗೆ ಮಗಳು ಮೂಲೆ ರೂಮಿನ ಪರದೆ ಕಳಚಿ ಮಡಚುತ್ತಿದ್ದಳು.

ನಾನು ಸೋಲುವವಳೇ? ಗಡಿಯಾರದವರ ಮನೆ ನಮ್ಮಿಂದ ಚೆನ್ನಾಗಿ ಕಂಡರೆ, ನಮ್ಮ ಮನೆ ಅವರಿಂದ ಚೆನ್ನಾಗಿ ಕಾಣಲೇಬೇಕು! ಬೆಳಿಗ್ಗೆ ಫೋನು ಹಿಡಿದುಕೊಂಡು ಕೆರೆ ಸುತ್ತಿ ಹೋದೆ. ಗಡಿಯಾರದವರು ಬಾಗಿಲಲ್ಲೇ ಸಿಕ್ಕಿದರು.

"ಬನ್ನಿ ಅಕ್ಕಾ ಬನ್ನಿ! ನಿಮ್ಮಿಂದ ನಮ್ಮ ಮನೆ ತುಂಬಿಹೋಯ್ತು. ಕಾಫಿ ಕುಡೀರಿ."

"ಕಾಫಿ ಆಮೇಲೆ. ನಿಮ್ಮ ಮಹಡಿ ಮೇಲೆ ಹತ್ತಬೇಕು. ಇಲ್ಲಿಂದ ನಮ್ಮ ಲಾಡ್ಜಿನ ಫೋಟೋ ತೆಗೀಬೇಕು."

"ಅಷ್ಟು ಕಷ್ಟ ಯಾಕೆ? ನಾನೇ ತೆಗೆದಿದ್ದೀನಲ್ಲ! ನಿನ್ನೆ ಬಂದೋರೆಲ್ಲ ಕಿಟಕಿಯಿಂದ ಏನು ಕಾಣುತ್ತೆ, ಏನು ಕಾಣುತ್ತೆ ಅಂತ ಕೇಳ್ತಿದ್ರು. ನಿಮ್ಮ ಲಾಡ್ಜಿನ ಹೆಸರು ಬರೆದು ನಿನ್ನೆ ಸಂಜೆನೇ ಫೋನಲ್ಲಿ ಹಾಕ್ದೆ."

ತೋರಿಸಿದರು. ನೋಡಿದೆ. ತಾಯಿ! ಮೇಷ್ಟ್ರು ಕಂಡಿದ್ದರೆ ಕೆರೆಗೆ ಬೀಳುತ್ತಿದ್ದರು. ನಮ್ಮ ಲಾಡ್ಜು ನಟ್ಟನಡುವೆ, ಕುಕ್ಕಿ ಕೂರಿಸಿದ ಹಾಗೆ. ಕೆರೆ ಓರೆ; ನೀರೆಲ್ಲ ಒಂದು ಕಡೆಯಿಂದ ಚೆಲ್ಲಿಹೋಗಬೇಕು, ಅಷ್ಟು ಓರೆ. ಸೂರ್ಯನಿಗೆ ಎದುರಾಗಿ ತೆಗೆದಿದ್ದರಿಂದ ಗೋಡೆಯೆಲ್ಲ ಕಪ್ಪು. ಮತ್ತೆ ಮೇಲೆ, ಟ್ಯಾಂಕಿನ ತುದಿಯಲ್ಲಿ, ಹುಟ್ಟುವ ಸೂರ್ಯನನ್ನು ಸರಿಯಾಗಿ ತಲೆಯ ಹಿಂದೆ ಇಟ್ಟುಕೊಂಡು, ಶಾಲನ್ನು ರೆಕ್ಕೆಯ ಹಾಗೆ ಹಾರಿಸಿಕೊಂಡು, ಒಂದು ಕೈ ಮುಂದೆ ಚಾಚಿ, ಇಷ್ಟಗಲ ಬಾಯಿ ತೆರೆದುಕೊಂಡು, ನಾನು! ಕೆಳಗೆ ಏಣಿಗೆ ಜೋತುಬಿದ್ದ ಯಜಮಾನರು.

"ಇದು ಯಾವಾಗ ತೆಗೆದ್ರಿ?"

"ದೀಪ ಹಾಕಿ ಅಂತ ಹೇಳಿಕಳಿಸಿದ್ರಲ್ಲ, ಆಗ. ದಿನಾ ಟ್ಯಾಂಕ್ ಮೇಲೆ ನಿಂತು ಕೈ ಬೀಸಿ ಕೂಗ್ತಿದ್ರಿ. ಏನೋ ವ್ಯಾಯಾಮ ಇರಬೇಕು, ನನ್ನ ಹೆಂಡ್ತಿಗೂ ತೋರಿಸೋಣ ಅಂತ ತೆಗೆದೆ."

"ಒಂದೂ ನಿಯಮ ಇಲ್ಲವಲ್ರೀ ಇದರಲ್ಲಿ! ಮೊದಲು ಅಳಿಸಿ."

"ಅಳಿಸೋದು ಹೇಗಕ್ಕಾ? ಊರೆಲ್ಲ ನೋಡ್ಬಿಟ್ಟಿದೆ."

ಮುಖ ಮುಚ್ಚಿಕೊಂಡು ಮನೆಗೆ ಬಂದರೆ, ಬಾಗಿಲಲ್ಲಿ ಕಾರುಗಳು! ಮಗಳು ಎರಡು ಕಿವಿಗೂ ಒಂದೊಂದು ಫೋನು ಹಿಡಿದಿದ್ದಾಳೆ. ಅಳಿಯ ಒಂದೇ ಉಸಿರಿನಲ್ಲಿ ಸೂಟ್‌ಕೇಸ್ ಹೊರುತ್ತಿದ್ದಾನೆ. ಬಂದವರೆಲ್ಲ ಮೊದಲು ಕೇಳುತ್ತಿದ್ದುದು ರೂಮನ್ನಲ್ಲ. "ಟ್ಯಾಂಕ್ ಅಜ್ಜಿ ಇರೋ ಲಾಡ್ಜು ಇದೇ ಅಲ್ವಾ?"

ನನಗೆ ಏನೆಂದರೆ ಏನೂ ಅರ್ಥವಾಗಲಿಲ್ಲ. ಮೂರು ಪಾಲು ಮಾಡಿ, ಮಂಜಿಗೆ ಕಾದು, ಹೂವಿನ ಹನಿ ಉದುರದ ಹಾಗೆ ತೆಗೆದ ಫೋಟೋ ಎದುರುಮನೆಗೆ ಲಾಭ ಮಾಡಿತು. ಒಂದು ನಿಯಮವನ್ನೂ ಅರಿಯದೆ ಓರೆಕೋರೆಯಾಗಿ ತೆಗೆದದ್ದು ನಮ್ಮ ಮನೆ ತುಂಬಿಸಿತು! ಧೈರ್ಯ ಮಾಡಿ ಕ್ಯಾಮೆರಾ ಮೇಷ್ಟ್ರಿಗೇ ಎರಡೂ ಫೋಟೋ ಕಳಿಸಿ, ಫೋನು ಮಾಡಿಸಿ ಕೇಳಿದೆ. ಮೇಷ್ಟ್ರು, "ಅಮ್ಮಾ, ಅದರಲ್ಲಿ ಮನುಷ್ಯರಿದ್ದಾರೆ. ಅದರ ಮುಂದೆ ಯಾವ ನಿಯಮಾನೂ ನಡೆಯಲ್ಲ" ಎಂದರು. ಅದು ಹೊಗಳಿಕೆಯೋ ತೆಗಳಿಕೆಯೋ, ನನಗೆ ಇನ್ನೂ ಬಗೆಹರಿದಿಲ್ಲ.

ಮೂಲೆ ರೂಮಿಗೆ ಪರದೆ ವಾಪಸು ಬಂತು. ಅಳಿಯ ಡ್ರೈವರ್ ಕೆಲಸದ ಮಾತೆತ್ತುವುದನ್ನು ಬಿಟ್ಟ. ಲಾಡ್ಜು ಉಳಿಯಿತು. ನಾನು ಮಾತ್ರ, ಕಲಾವಿದೆ ಎಂದುಕೊಂಡಿದ್ದವಳು, ಈಗ ದಿನಾ ಬೆಳಿಗ್ಗೆ ಶಾಲು ಹೊದ್ದು ಟ್ಯಾಂಕ್ ಹತ್ತಿ, ಬಂದವರಿಗೋಸ್ಕರ ಕೈ ಚಾಚಿ ಬಾಯಿ ತೆರೆದು ನಿಲ್ಲುವ ಒಂದು ಪ್ರೇಕ್ಷಣೀಯ ಸ್ಥಳ! ಇರಲಿ, ಮಗಳ ಮನೆ ತುಂಬಿದೆಯಲ್ಲ, ಇಷ್ಟೊಂದು ಜನ ನನಗಾಗಿಯೇ ಬರುತ್ತಾರಲ್ಲ ಎಂದು ಒಳಗೊಳಗೇ ಸ್ವಲ್ಪ ಬೀಗುತ್ತಲೂ ಇದ್ದೆ.

ಮೊನ್ನೆ ಮಗಳು ಫೋನು ಹಿಡಿದು ಬಂದು ಪಕ್ಕದಲ್ಲಿ ಕೂತಳು. "ಅಮ್ಮಾ, ಉಳಿದು ಹೋದೋರು ಒಬ್ಬರು ಅಭಿಪ್ರಾಯ ಬರೆದಿದ್ದಾರೆ. ಒಂದು ನಕ್ಷತ್ರ ಕಡಿಮೆ ಕೊಟ್ಟಿದ್ದಾರೆ."

"ಯಾಕಂತೆ? ಬಿಸಿನೀರು ಬರಲಿಲ್ವಂತಾ?"

ಮಗಳು ನಗು ತಡೆದುಕೊಂಡು ಓದಿದಳು: "ರೂಮು ಶುಚಿಯಾಗಿದೆ. ಊಟ ರುಚಿಯಾಗಿದೆ. ಕೆರೆ ಫೋಟೋದಲ್ಲಿರುವ ಹಾಗೆಯೇ ಇದೆ. ಆದರೆ ಅಜ್ಜಿ ಮಾತ್ರ ಫೋಟೋದಲ್ಲಿ ಕಂಡಷ್ಟು ಎತ್ತರ ಇಲ್ಲ."